ಜೋಳದ ಲೋಟ ಗೋಬರ್ ಗ್ಯಾಸ್ ಗುಂಡಿಗೆ ಬಿದ್ದಾಗ

ಬದಿಯಡ್ಕದ ಹತ್ತಿರ ಒಂದು ಉಪನಯನದ ಊಟ. ಗಾಜಿನಂತೆ ಹೊಳೆಯುವ ಲೋಟದಲ್ಲಿ ಪುನರ್ಪುಳಿ ಶರಬತ್ತು ಬಂತು. "ಇದು ಪ್ಲಾಸ್ಟಿಕ್ ಅಲ್ಲ ಮಾರಾಯ್ರೆ, ಜೋಳದ್ದು. ಗೊಬ್ಬರ ಆಗ್ತದೆ" ಎಂದರು ಬಡಿಸುವವರು. ನಾನು ಐದು ಲೋಟ ಮನೆಗೆ ತಂದೆ. ನಾಲ್ಕನ್ನು ಕತ್ತರಿಸಿ, ಸಗಣಿ ನೀರಲ್ಲಿ ಕಲಸಿ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದೆ. ಎರಡು ತಿಂಗಳ ಮೇಲೆ ಸ್ಲರಿ ಹೊರಗೆ ಬರುವಲ್ಲಿ ಅವೇ ತುಂಡುಗಳು. ತೊಳೆದರೆ ಮತ್ತೆ ಅದೇ ಹೊಳಪು!

ಬಡಿಸಿದವರು ಸುಳ್ಳು ಹೇಳಿರಲಿಲ್ಲ. ಅದು ಪಿಎಲ್‌ಎ, ಅಂದರೆ ಪಾಲಿಲ್ಯಾಕ್ಟಿಕ್ ಆಮ್ಲ. ಮೆಕ್ಕೆಜೋಳದ ಹಿಟ್ಟಿನ ಸಕ್ಕರೆಯನ್ನು ಹುಳಿಬರಿಸಿದರೆ ಲ್ಯಾಕ್ಟಿಕ್ ಆಮ್ಲ, ಮಜ್ಜಿಗೆಯ ಹುಳಿಯೂ ಅದೇ. ಅದನ್ನು ಉದ್ದಕ್ಕೆ ಸರಪಳಿಯಾಗಿ ಕೋದರೆ ಲೋಟದ ಪ್ಲಾಸ್ಟಿಕ್. ಆದರೆ ಗಿಡದಿಂದ ಬಂದದ್ದೆಲ್ಲ ಎಲ್ಲಿ ಬೇಕಾದರೂ ಕೊಳೆಯುತ್ತದೆ ಎನ್ನುವುದು ಸುಮ್ನೆ ನಂಬಿಕೆ.

ಗುಂಡಿಯಲ್ಲಿ ಮೀಥೇನ್, ಅಂದರೆ ಉರಿಯುವ ಗ್ಯಾಸ್, ಮಾಡುವ ಸೂಕ್ಷ್ಮಜೀವಿಗಳು ಮದುವೆಮನೆಯ ಕೊನೆ ಪಂಕ್ತಿಯವರು. ಹೆಚ್ಚಿ, ಬೇಯಿಸಿ, ಬಡಿಸಿದ್ದನ್ನಷ್ಟೇ ಉಣ್ಣುತ್ತವೆ. ಹೆಚ್ಚುವ ಕೆಲಸವೇ ನಿಂತರೆ ಎಲ್ಲರೂ ಉಪವಾಸ. ಪಿಎಲ್‌ಎ ವಿಷಯದಲ್ಲಿ ಮೊದಲು ಹೆಚ್ಚುವ ಕೆಲಸ ಮಾಡುವುದು ಮುಖ್ಯವಾಗಿ ನೀರು. ಕುಂಬಳೆ ಬಸ್ಸಿನ ಬೆಳಗ್ಗಿನ ರಶ್ ನೆನಪಿಸಿಕೊಳ್ಳಿ. ಜನ ಅಲ್ಲಾಡದೆ ಒತ್ತಿ ನಿಂತರೆ ಕಂಡಕ್ಟರ್ ಒಳಗೆ ಹೋಗುವುದು ಹೇಗೆ? ಸುಮಾರು 55–60 ಡಿಗ್ರಿಗಿಂತ ಕೆಳಗೆ ಪಿಎಲ್‌ಎ ಸರಪಳಿಗಳೂ ಹಾಗೇ. ಅದರ ಮೇಲೆ ಅವು ಮಿಸುಕಾಡುತ್ತವೆ, ನೀರೆಂಬ ಕಂಡಕ್ಟರ್ ನುಗ್ಗುತ್ತಾನೆ, ಚಕಚಕ ಕತ್ತರಿಸುತ್ತಾನೆ. ನಮ್ಮ ಗುಂಡಿ ಇರುವುದು 30ರ ಆಸುಪಾಸಿನಲ್ಲಿ!

ನಂಬಿಕೆ ಬರಲಿಲ್ವಾ? ಐದನೆಯ ಲೋಟಕ್ಕೆ ಕುದಿಯುವ ನೀರು ಹೊಯ್ದೆ. ಬಾಡಿದ ಬಸಳೆಯ ಹಾಗೆ ವಾಲಿಬಿಟ್ಟಿತು. ಆ ಸಡಿಲವೇ ಬೇಕಾದದ್ದು.

1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಒಂದು ಸರೋವರದ ಕೆಸರು ಕಲಕಿ, ಎದ್ದ ಮೀಥೇನ್ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ. ಹೌದು, ಬ್ಯಾಟರಿಯ ವೋಲ್ಟಾನೇ. ಅವನ ಕೆಸರಲ್ಲಿ ಇದ್ದದ್ದು ಕೊಳೆತ ಎಲೆ, ಕಡ್ಡಿ. ಲೆಕ್ಕಕ್ಕೆ ಲೋಟ ಅದಕ್ಕಿಂತ ಜಾಸ್ತಿಯೇ ಕೊಡಬೇಕು: ಒಂದು ಕಿಲೋ ಪಿಎಲ್‌ಎ ಪೂರ್ತಿ ಜೀರ್ಣವಾದರೆ ಸುಮಾರು 467 ಲೀಟರ್ ಮೀಥೇನ್, ಎಲೆಕಡ್ಡಿಯ ಸೆಲ್ಯುಲೋಸ್‌ಗೆ ಸುಮಾರು 415. 55 ಡಿಗ್ರಿಗೆ ಕಾಯಿಸಿದ ದೊಡ್ಡ ಸ್ಥಾವರಗಳಲ್ಲಿ ಪಿಎಲ್‌ಎ ನಿಧಾನವಾಗಿ ಗ್ಯಾಸ್ ಆಗುತ್ತದೆ.

ಪಿಎಚ್‌ಬಿ ಎಂಬ ಇನ್ನೊಂದಿದೆ. 1926ರಲ್ಲಿ ಫ್ರಾನ್ಸಿನ ಲೆಮ್ವಾನ್ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲೇ ಕಂಡ ಪ್ಲಾಸ್ಟಿಕ್ ಅದು, ಅವುಗಳ ಕೊಬ್ಬು ಎನ್ನಿ. ಅದನ್ನು ಕತ್ತರಿಸುವ ಕಿಣ್ವ ಸೂಕ್ಷ್ಮಜೀವಿಗಳ ಕೈಯಲ್ಲೇ ಇದೆ. 35 ಡಿಗ್ರಿಯಲ್ಲೂ ಕೆಲವೇ ವಾರಗಳಲ್ಲಿ ಬಹುಪಾಲು ಗ್ಯಾಸ್. ಆದರೆ ದುಬಾರಿ, ಊಟದ ಮನೆಯಲ್ಲಿ ನಾನಿನ್ನೂ ಕಂಡಿಲ್ಲ.

ಸದ್ಯಕ್ಕೆ ನಮ್ಮ ಗುಂಡಿಗೆ ಸಗಣಿ, ಹಲಸಿನ ರೆಚ್ಚೆ. ಆ ನಾಲ್ಕು ಲೋಟದ ಚೂರುಗಳು ಡಬ್ಬಿಯಲ್ಲಿವೆ. ಬಂದವರಿಗೆಲ್ಲ ತೋರಿಸುತ್ತೇನೆ.