ಸೀಸ ಟವೆಲ್ ಹಾಕಿದ ಸೀಟು

ಬಾವಿಗೆ ಮೀನು ಬಿಟ್ಟು, ಅದು ಬದುಕಿದ್ದರೆ ನೀರು ಚೆನ್ನಾಗಿದೆ ಅನ್ನುವವರು ಇಂದಿಗೂ ಇದ್ದಾರೆ. ಕೆರೆಯಲ್ಲಿ ಮೀನು ಸತ್ತು ತೇಲಿದರೆ ‘ಯಾರೋ ವಿಷ ಹಾಕಿದ್ದಾರೆ’ ಅನ್ನುವವರೂ ಇದ್ದಾರೆ. ಎರಡೂ ಅವಸರದ ಮಾತು. ರಾತ್ರೋರಾತ್ರಿ ಮೀನುಗಳು ಸಾಯಲು ಎಷ್ಟೋ ಸಲ ಕಾರಣ ನೀರಲ್ಲಿ ಆಮ್ಲಜನಕ ಇಲ್ಲದಿರುವುದು. ಸೀಸದ ವಿಷ ಹಾಗಲ್ಲ. ಅದು ಒಳಗೆ ಸೇರಿಕೊಂಡಿರುತ್ತದೆ, ಮೀನು ಈಜುತ್ತಲೇ ಇರುತ್ತದೆ.

ಅದನ್ನು ಹಿಡಿದುಕೊಡುವ ಕಿಣ್ವವೊಂದು ಮೀನಿನ ಕೆಂಪು ರಕ್ತಕಣದಲ್ಲಿದೆ. ಪೂರ್ತಿ ಹೆಸರು ನಾಲಿಗೆಗೆ ಹೊರಳದು, ಸುಮ್ನೆ ‘ಅಲಾಡ್’ ಅನ್ನೋಣ. ರಕ್ತವನ್ನು ಕೆಂಪಾಗಿಸುವ ಹೀಮ್ ತಯಾರಾಗುವುದು ಇದರ ನೆರವಿನಿಂದ. ಹೂ ಕಟ್ಟುವವರು ಜೋಡಿ ಜೋಡಿ ಹೂ ಹಿಡಿದು ದಾರ ಸುತ್ತುತ್ತಾರಲ್ಲ, ಹಾಗೆ ಅಲಾಡ್ ಪುಟ್ಟ ಅಣುಗಳನ್ನು ಎರಡೆರಡಾಗಿ ಬೆಸೆಯುತ್ತದೆ. ಅಂಥ ನಾಲ್ಕು ಜೋಡಿ ಸೇರಿ ಬಳೆಯಾಗುತ್ತದೆ, ನಡುವೆ ಕಬ್ಬಿಣ ಕೂರುತ್ತದೆ.

ಬೆಸೆಯುವ ಜಾಗದಲ್ಲಿ ಸತುವಿನ ಒಂದು ಪರಮಾಣು ಇರಲೇಬೇಕು. ಮೂರು ಗಂಧಕಗಳು ಅದನ್ನು ಹಿಡಿದಿರುತ್ತವೆ. ಸೀಸಕ್ಕೆ ಗಂಧಕ ಅಂದರೆ ಪ್ರಾಣ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ಸತುವಿನ ಜಾಗಕ್ಕೆ ಬಂದು ಕೂರುತ್ತದೆ, ಏಳುವುದಿಲ್ಲ. ಟವೆಲ್ ಉಪಮೆ ಸಾಲದೇ? ಬೀಗದೊಳಗೆ ಮುರಿದುಕೊಂಡ ಕೀಲಿ ಅನ್ನಿ. ಬೀಗ ಅಲ್ಲೇ ಇದೆ, ಕೆಲಸಕ್ಕೆ ಬಾರದು.

ಅಮೆರಿಕದ ಮಿಸ್ಸೌರಿಯಲ್ಲಿ ಬಿಗ್ ರಿವರ್ ಎಂಬ ನದಿ ಇದೆ. ಆ ಸೀಮೆಯಲ್ಲಿ 18ನೇ ಶತಮಾನದಿಂದ ಸೀಸ ಅಗೆದಿದ್ದಾರೆ. (ನಾವೇನು ಕಮ್ಮಿ? ಎಷ್ಟೋ ಸಿಂಧೂರದ ಕೆಂಪು ಸೀಸದ್ದೇ, ಗಣೇಶನ ಮೂರ್ತಿಯ ಬಣ್ಣದಲ್ಲೂ ಅದು ಸಿಕ್ಕಿದೆ. ಆಮೇಲೆ ಮೂರ್ತಿ ಹೋಗುವುದು ಕೆರೆಗೇ ಅಲ್ವಾ?) 1977ರಲ್ಲಿ ಡೆಸ್ಲೋಜ್ ಊರಿನ ಬಳಿ ಗಣಿಯ ಕಸದ ರಾಶಿ ಜೋರು ಮಳೆಗೆ ಕುಸಿದು ನದಿಗಿಳಿಯಿತು. ಅಲ್ಲಿಯ ಮೀನುಗಳ ರಕ್ತ ನೋಡಿದಾಗ, ಗಣಿಗಿಂತ ಮೇಲಿನ ಮೀನುಗಳಿಗೆ ಹೋಲಿಸಿದರೆ ಕೆಳಗಿನವುಗಳಲ್ಲಿ ಅಲಾಡ್ ಸೊರಗಿತ್ತು.

ಪರೀಕ್ಷೆ ಅಡುಗೆಮನೆಯಷ್ಟು ಸರಳ. ಲವಂಗದ ಎಣ್ಣೆ ಬೆರೆಸಿದ ನೀರಲ್ಲಿ ಮೀನು ಮಂಪರಾಗುತ್ತದೆ. ಬಾಲದ ಬುಡದಲ್ಲಿ, ಬೆನ್ನುಮೂಳೆಯ ಕೆಳಗಿನ ರಕ್ತನಾಳದಿಂದ ಸೂಜಿಯಲ್ಲಿ ಸ್ವಲ್ಪ ರಕ್ತ ತೆಗೆದು, ಎಚ್ಚರವಾದ ಮೀನನ್ನು ನದಿಗೆ ಬಿಡುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಬಳಸಬೇಕು. ಅದೇ ಕೆಲಸಕ್ಕೆ ಬಳಸುವ ಇನ್ನೊಂದು ರಾಸಾಯನಿಕ ಇಡಿಟಿಎ ಹಾಕಿದರೆ ಕೆಟ್ಟಿತು, ಅದು ಸತುವನ್ನೇ ಕಿತ್ತುಕೊಳ್ಳುತ್ತದೆ! ಆ ರಕ್ತಕ್ಕೆ ಅಲಾಡ್ ಬೆಸೆಯುವ ಅಣುಗಳನ್ನು ಕೊಟ್ಟು, ಕೊನೆಗೆ ಎರ್ಲಿಚ್ ದ್ರಾವಣ ಬೆರೆಸುತ್ತಾರೆ. ಬೆಸೆದ ಜೋಡಿಗಳಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಪೇಲವವಾದಷ್ಟೂ ಸೀಸದ ಗುಮಾನಿ ಜಾಸ್ತಿ.

ಬಾಟಲಿಗೆ ತುಂಬಿದ ನೀರು ಆ ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ರಕ್ತಕಣ ಹಿಂದಿನ ವಾರಗಳದ್ದನ್ನೂ ಹೇಳುತ್ತದೆ. ಸೀಸದ ಗಣಿಯಲ್ಲಿ ಸತುವೂ ಬೇಕಾದಷ್ಟು ಇದ್ದರೆ ಮಾತ್ರ ಲೆಕ್ಕ ಜಟಿಲ. ಸತು ತನ್ನ ಸೀಟಿಗಾಗಿ ಜಗಳಕ್ಕೆ ನಿಲ್ಲುತ್ತದೆ, ಸೀಸದ ಗುರುತು ಮಸುಕಾಗುತ್ತದೆ. ಇನ್ನು ಹಿಂಸೆಯೇ ಇಲ್ಲ ಅನ್ನುವುದು ಉತ್ಪ್ರೇಕ್ಷೆ, ಸೂಜಿ ಸೂಜಿಯೇ. ಬೆರಳುದ್ದದ ಮೀನಿನಲ್ಲಂತೂ ತೆಗೆಯುವಷ್ಟು ರಕ್ತವೇ ಇರುವುದಿಲ್ಲ.