ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಆ ಯಜಮಾನರನ್ನು ಎರಡು ವಾರದ ಹಿಂದಷ್ಟೇ ನಾನು ನರ್ಸ್ ಆಗಿರುವ ವಾರ್ಡಿನಿಂದ ಮನೆಗೆ ಕಳಿಸಿದ್ದೆವು. ಮತ್ತೆ ಬಂದು ಕೂತಿದ್ದರು. ನಾಲಿಗೆ ಒಣಗಿತ್ತು, ರಾತ್ರಿಯಿಡೀ ಮೂತ್ರಕ್ಕೆ ಏಳುತ್ತಿದ್ದರಂತೆ. ಶುಗರ್ ನೋಡಿದರೆ 400 ದಾಟಿತ್ತು.

"ಇನ್ಸುಲಿನ್ ತಪ್ಪಿಸಿದ್ರಾ ಯಜಮಾನ್ರೇ?" ಅಂದೆ.

"ಇಲ್ಲ ಕಣಮ್ಮ, ದಿನಾ ಚುಚ್ಕೋತೀನಿ. ಬೆಳಿಗ್ಗೆ 20, ರಾತ್ರಿ 20. ದೇವರಾಣೆಗೂ ಒಂದು ದಿನ ಬಿಟ್ಟಿಲ್ಲ."

ಪಕ್ಕದಲ್ಲಿದ್ದ ಹೆಂಡತಿಯೂ ಹೌದು ಅಂದರು. ಊಟ ತಿಂಡಿ ಕೇಳಿದೆ, ಅಲ್ಲೂ ಅಂಥ ತಪ್ಪೇನೂ ಇರಲಿಲ್ಲ. "ಸರಿ, ಔಷಧಿ, ಸಿರಿಂಜ್ ಎಲ್ಲ ತೋರಿಸಿ" ಅಂದೆ. ಆಕೆ ಕೈಚೀಲದಿಂದ ಒಂದು ಡಬ್ಬಿ ತೆಗೆದರು. ಇನ್ಸುಲಿನ್ ಬಾಟಲಿಯ ಮೇಲೆ 40 ಅಂತ ಬರೆದಿತ್ತು. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು.

ಅವರು ಸುಳ್ಳು ಹೇಳಿರಲಿಲ್ಲ. ಅವರ ಮೈಗೆ 20 ಯೂನಿಟ್ ಹೋಗಿರಲೂ ಇಲ್ಲ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಗಟ್ಟಿತನದಲ್ಲಿ ಸಿಗುತ್ತದೆ. ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂ.ಎಲ್. ಅದನ್ನು 40ರ ಬಾಟಲಿಯಿಂದ ಎಳೆದರೆ ಸಿಗುವುದು ಬರೀ 8 ಯೂನಿಟ್. ಇದನ್ನೇ ತಿರುಗಿಸಿ ನೋಡಿ. ಬಾಟಲಿ 100ರದ್ದು, ಸಿರಿಂಜ್ ಕೆಂಪು. ಆಗ 20ರ ಗೆರೆಗೆ 0.5 ಎಂ.ಎಲ್. ಬರುತ್ತದೆ, ಅಂದರೆ 50 ಯೂನಿಟ್! ಅದು ಜೀವಕ್ಕೇ ಕುತ್ತು. ಅಮೆರಿಕದಲ್ಲಿ 1970ರ ದಶಕದಿಂದ 100ರ ಇನ್ಸುಲಿನ್ ಬಳಕೆಗೆ ಬಂತು, ಹಲವು ದೇಶಗಳು ಆಮೇಲೆ ಅದೊಂದಕ್ಕೇ ಹೊರಳಿದವು. ನಮ್ಮಲ್ಲಿ ಎರಡೂ ಇವೆ. ಆದ್ದರಿಂದ ಔಷಧಿ ಅಂಗಡಿಯಲ್ಲಿ ಸುಮ್ನೆ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಸಾಲದು. ಬಾಟಲಿ ತೋರಿಸಿ ಕೇಳಬೇಕು.

ನನಗೆ ಬೇಜಾರಾಗಿದ್ದು ಬೇರೆಯದಕ್ಕೆ. ಮನೆಗೆ ಕಳಿಸುವ ದಿನ ಅವರಿಗೆ ಎಲ್ಲ ಹೇಳಿದವಳು ನಾನೇ. ಚೀಟಿ ಓದಿದ್ದೆ, "ಅರ್ಥ ಆಯ್ತಾ?" ಅಂತ ಕೇಳಿದ್ದೆ. "ಆಯ್ತಮ್ಮ" ಅಂದಿದ್ದರು. ಆ ಪ್ರಶ್ನೆಗೆ ಇಲ್ಲ ಅನ್ನುವವರು ಎಷ್ಟು ಜನ ಇದ್ದಾರೆ ಹೇಳಿ? ಅವತ್ತಿನಿಂದ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಈಗ ಬಾಟಲಿ, ಸಿರಿಂಜ್ ಕೈಗೆ ಕೊಟ್ಟು "ನೀವೇ ಹಾಕ್ಕೊಂಡು ತೋರಿಸಿ" ಅನ್ನುತ್ತೇನೆ. ಐದು ನಿಮಿಷ ಜಾಸ್ತಿ ಬೇಕಾಗುತ್ತದೆ. ಆ ಐದು ನಿಮಿಷದಲ್ಲಿ ಕಾಣಿಸುವ ತಪ್ಪುಗಳು ಯಾವ ರಕ್ತ ಪರೀಕ್ಷೆಯಲ್ಲೂ ಕಾಣಿಸುವುದಿಲ್ಲ.

ಇನ್ಸುಲಿನ್ ಅಂದರೆ ಮೈಯ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಹಾರ್ಮೋನು. ಹಾರ್ಮೋನಿನ ಕಾಯಿಲೆಗಳೇ ಹೀಗೆ. ಅಲ್ಲಿ ಎಲ್ಲವೂ ಚಿಕ್ಕ ಅಳತೆ. 20 ಯೂನಿಟ್ ಇನ್ಸುಲಿನ್ ಅಂದರೆ ತೂಕದಲ್ಲಿ ಒಂದು ಮಿಲಿಗ್ರಾಮಿಗಿಂತ ಕಡಿಮೆ, ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ಆರೋಗ್ಯವಂತರ ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲಿ ಇರುವ ಸಕ್ಕರೆ ಒಟ್ಟು ಒಂದು ಟೀ ಚಮಚದಷ್ಟೇ. ಇಷ್ಟು ಸಣ್ಣ ಲೆಕ್ಕ ತಪ್ಪಿದರೂ ಮನುಷ್ಯ ಮಲಗಿಬಿಡುತ್ತಾನೆ. ಡಾಕ್ಟರು ಚೀಟಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ದಿನದ 24 ಗಂಟೆಯೂ ಆ ಲೆಕ್ಕ ಕಾಯುವುದು ವಾರ್ಡಿನಲ್ಲಿ ಸಿಸ್ಟರ್, ಮನೆಯಲ್ಲಿ ಹೆಂಡತಿಯೋ ಮಗನೋ ಸೊಸೆಯೋ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಂದರೆ ಕಾಯುವವರೂ ಅಷ್ಟೇ ಕೋಟಿ ಬೇಕು.

ಇನ್ಸುಲಿನ್ ಬರುವ ಮುಂಚೆ ಈ ಕಾಯುವ ಕೆಲಸ ಎಷ್ಟು ಕಠಿಣವಾಗಿತ್ತು ಅಂತ ಯೋಚಿಸಿದರೆ ಕರುಳು ಚುರುಕ್ ಅನ್ನುತ್ತದೆ. ಆಗ ಇದ್ದ ಚಿಕಿತ್ಸೆ ಉಪವಾಸ ಒಂದೇ. ಅಮೆರಿಕದ ಎಲಿಜಬೆತ್ ಹ್ಯೂಸ್ ಅನ್ನುವ ಹುಡುಗಿಗೆ 11ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಅವಳ ಜೊತೆಗೇ ಇದ್ದ ಬ್ಲಾಂಚ್ ಎಂಬ ನರ್ಸ್ ಪ್ರತಿ ತುತ್ತನ್ನೂ ತೂಗಿ ಕೊಡುತ್ತಿದ್ದರು. ಮಗು ಹಸಿದಿದೆ ಅಂತ ಗೊತ್ತಿದ್ದೂ ತೂಗಿಯೇ ಕೊಡಬೇಕು. ಹೀಗೆ ಮೂರು ವರ್ಷ. ಕೊನೆಗೆ ಹುಡುಗಿಯ ತೂಕ ಸುಮಾರು 20 ಕಿಲೋಗೆ ಇಳಿದಿತ್ತು. ಅಷ್ಟರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯ ಮತ್ತು ಜೊತೆಗಾರರು ಇನ್ಸುಲಿನ್ ಕಂಡುಹಿಡಿದಿದ್ದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್‌ಗೂ ಸಿಕ್ಕಿತು. ಸಿರಿಂಜ್ ಹಿಡಿಯುವುದನ್ನು ಅವಳೇ ಕಲಿತಳು. 1981ರವರೆಗೆ ಬದುಕಿದಳು.

ಈಗಲೂ ನಮಗೆ ಹೆಚ್ಚು ಭಯ ಇರುವುದು ಶುಗರ್ ಏರುವುದಕ್ಕಿಂತ ಇಳಿಯುವುದಕ್ಕೆ. ಏರಿದ ಶುಗರ್ ಸಾಮಾನ್ಯವಾಗಿ ಸ್ವಲ್ಪ ಸಮಯ ಕೊಡುತ್ತದೆ, ಇಳಿದದ್ದು ನಿಮಿಷಗಳ ಲೆಕ್ಕ. ಮಿದುಳು ಸಕ್ಕರೆಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ರಕ್ತದಲ್ಲಿ ಬಂದಷ್ಟೇ ಅದಕ್ಕೆ ಊಟ. 70ಕ್ಕಿಂತ ಕೆಳಗೆ ಇಳಿದರೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾರದ ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಸುಮ್ನೆ ಸಿಟ್ಟು ಮಾಡಿಕೊಳ್ಳುತ್ತಾರೆ. ರಸ್ತೆಯಲ್ಲಿ ಬಿದ್ದವರನ್ನು ಕುಡಿದಿದ್ದಾನೆ ಅಂತ ಜನ ದಾಟಿಕೊಂಡು ಹೋಗುವುದುಂಟು. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಡುಕ, ಎದೆಬಡಿತವನ್ನು ಮುಚ್ಚಿಬಿಡುತ್ತವೆ. ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಅದಕ್ಕೇ ರಾತ್ರಿ ಪಾಳಿಯಲ್ಲಿ ಓಡಾಡುವಾಗ ನಾವು ಹಣೆ ಮುಟ್ಟಿ ನೋಡುತ್ತೇವೆ. ಜ್ವರ ನೋಡುತ್ತಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ನಾವು ತಣ್ಣನೆ ಬೆವರು ಹುಡುಕುತ್ತಿರುತ್ತೇವೆ.

ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ ಮಾಡಿಸಿ. ಮೈಸೂರು ಪಾಕು, ಲಾಡು, ಚಾಕಲೇಟು ಬೇಡ. ಸಿಹಿಯೇನೋ ಹೌದು, ಆದರೆ ತುಪ್ಪ, ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಆಸ್ಪತ್ರೆಗೆ ಕರೆತನ್ನಿ. ನಾವು ನರಕ್ಕೆ ಗ್ಲೂಕೋಸ್ ಕೊಡುತ್ತೇವೆ, ಎಷ್ಟೋ ಸಲ ಸೂಜಿ ತೆಗೆಯುವಷ್ಟರಲ್ಲೇ ಕಣ್ಣು ಬಿಟ್ಟು "ಎಲ್ಲಿದೀನಿ?" ಅನ್ನುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಶುಗರ್ ಮಾತ್ರೆಯಿಂದ ಇಳಿದಿದ್ದರೆ ಎದ್ದು ಕೂತರೂ ಮನೆಗೆ ಬಿಡುವುದಿಲ್ಲ. ಅದರ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಮತ್ತೆ ಇಳಿಯಬಹುದು. ಕಿಡ್ನಿ ಸೋತಿರುವ ವಯಸ್ಸಾದವರಲ್ಲಂತೂ ಇನ್ನೂ ಜಾಸ್ತಿ ಹೊತ್ತು.

ಇಳಿಯಲು ಕಾರಣ ಬಹಳ ಸಲ ಸಣ್ಣದೇ. ಇನ್ಸುಲಿನ್ ಚುಚ್ಚಿ ಆಗಿದೆ, ಊಟದ ಗಾಡಿ ಬಂದಿಲ್ಲ. ಅಥವಾ ಅವತ್ತು ಏಕಾದಶಿ, ಅಜ್ಜಿ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದ್ದಾರೆ. ಉಪವಾಸ ಮಾಡುವವರು ಮೊದಲೇ ಹೇಳಿ. ಯಾರೂ ಬೈಯುವುದಿಲ್ಲ, ಡಾಕ್ಟರು ಔಷಧಿಯ ಲೆಕ್ಕ ಬದಲಿಸಿ ಕೊಡುತ್ತಾರೆ.

ಏರಿದ ಶುಗರಿನಲ್ಲೂ ಒಂದು ತುರ್ತು ಇದೆ. ಇನ್ಸುಲಿನ್ ಇಲ್ಲದ ಮೈ ಕೊಬ್ಬನ್ನು ಉರಿಸಲು ಶುರು ಮಾಡಿ ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ. ಉಸಿರು ಕೊಳೆತ ಹಣ್ಣಿನ ವಾಸನೆ ಹೊಡೆಯುತ್ತದೆ. ಓಡಿ ಬಂದವರಂತೆ ಆಳವಾಗಿ ಏದುಸಿರು ಬಿಡುತ್ತಾರೆ. 1874ರಲ್ಲಿ ಕುಸ್‌ಮಾಲ್ ಎಂಬ ಜರ್ಮನ್ ವೈದ್ಯ ಈ ಉಸಿರಾಟವನ್ನು ಗುರುತಿಸಿ ಬರೆದಿದ್ದರಿಂದ ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ. ಇಲ್ಲಿ ಮನೆಯವರು ಯಾವಾಗಲೂ ಕೇಳುವ ಮಾತೊಂದಿದೆ. "500 ಇದೆಯಲ್ಲ ಸಿಸ್ಟರ್, ಜಾಸ್ತಿ ಇನ್ಸುಲಿನ್ ಹಾಕಿ ಬೇಗ ಇಳಿಸಬಾರದಾ?" ಬಾರದು. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶದೊಳಗೆ ತಳ್ಳುವಾಗ ಜೊತೆಗೇ ಪೊಟ್ಯಾಸಿಯಂ ಅನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು. ಅದಕ್ಕೇ ಮೊದಲು ಡ್ರಿಪ್, ಪೊಟ್ಯಾಸಿಯಂ ಎಷ್ಟಿದೆ ಅಂತ ನೋಡುವುದು, ಆಮೇಲೆ ಇನ್ಸುಲಿನ್ ಹನಿಹನಿಯಾಗಿ. ಗಂಟೆಗೊಮ್ಮೆ ಬೆರಳು ಚುಚ್ಚುತ್ತೇವೆ. ಸಕ್ಕರೆ 200ರ ಆಸುಪಾಸಿಗೆ ಬಂದಾಗ ಅದೇ ಡ್ರಿಪ್ಪಿಗೆ ಗ್ಲೂಕೋಸ್ ಸೇರಿಸುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸಾ ಅಂತ ಗಾಬರಿ ಬೀಳುತ್ತಾರೆ. ಆಮ್ಲ ಪೂರ್ತಿ ಹೋಗುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಇನ್ಸುಲಿನ್ ಕೊಡಬೇಕಾದರೆ ಸಕ್ಕರೆ ಬೇಕು. ಲೆಕ್ಕ ಅಷ್ಟೇ.

ಬೆರಳು ಚುಚ್ಚುವ ಬಗ್ಗೆಯೂ ಒಂದು ಮಾತು. ಮಾವಿನಹಣ್ಣು ತಿಂದ ಕೈಯನ್ನು ತೊಳೆಯದೆ ಪರೀಕ್ಷೆ ಮಾಡಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಕೈ ತೊಳೆದು ಒರೆಸಿ, ಬೆರಳಿನ ತುದಿಯ ಮಧ್ಯಕ್ಕಲ್ಲ, ಪಕ್ಕಕ್ಕೆ ಚುಚ್ಚಿ. ನೋವು ಕಡಿಮೆ.

ಯಜಮಾನರ ವಿಷಯಕ್ಕೆ ಬರುತ್ತೇನೆ. ಸಿರಿಂಜ್ ಬದಲಿಸಿ ಕಳಿಸುವ ಮುಂಚೆ ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳಿನ ಬಲಗಡೆ ಅಡಿಕೆಯಷ್ಟು ದೊಡ್ಡ ಮೆತ್ತನೆ ಗಂಟು. ದಿನಾ ಅಲ್ಲಿಗೇ ಚುಚ್ಚುತ್ತಿದ್ದರು. "ಅಲ್ಲಿ ನೋವಾಗಲ್ಲ ಕಣಮ್ಮ" ಅಂದರು. ನಿಜ, ಗಂಟು ಕಟ್ಟಿದ ಕಡೆ ನೋವು ಗೊತ್ತಾಗುವುದಿಲ್ಲ. ಆದರೆ ಆ ಕೊಬ್ಬಿನ ಗಂಟಿನೊಳಗಿಂದ ಇನ್ಸುಲಿನ್ ಅನ್ನು ಮೈ ಒಂದು ದಿನ ಸರಿಯಾಗಿ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಇಲ್ಲ. ಪ್ರತಿ ಸಲ ಎರಡು ಬೆರಳಿನಷ್ಟು ಜಾಗ ಬಿಟ್ಟು ಚುಚ್ಚಬೇಕು. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಹೋದಾಗ ಅದೇ ಪ್ರಮಾಣ ಜಾಸ್ತಿಯಾಗಿ ಶುಗರ್ ಇಳಿಯಬಹುದು, ಡಾಕ್ಟರಿಗೆ ಹೇಳಿ ಲೆಕ್ಕ ಸರಿ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಫ್ರಿಜ್ ಇಲ್ಲ ಅಂದರು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಒಳಗೆ ಬಾಟಲಿಯ ಡಬ್ಬಿ. ನೀರು ಆರುತ್ತಾ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಯ 40 ಡಿಗ್ರಿ ಬಿಸಿಲಿನಲ್ಲಿ ಬಾಟಲಿಯನ್ನು ಕಿಟಕಿ ಮೇಲೆ ಇಡುವುದಕ್ಕಿಂತ ಇದು ಎಷ್ಟೋ ಮೇಲು.

ಆಮೇಲೆ ಕಾಲು. ಇದಕ್ಕೆ ಯಂತ್ರ ಬೇಡ. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ. ಒತ್ತಬೇಡಿ, ಕಚಗುಳಿ ಇಡಬೇಡಿ. ಆರರಲ್ಲಿ ಎರಡು ಅಥವಾ ಜಾಸ್ತಿ ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕುಗ್ಗಿದೆ ಅಂತ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ರೂಪಿಸಿದ ಪರೀಕ್ಷೆ ಇದು. ಯಜಮಾನರಿಗೆ ಮೂರು ಗೊತ್ತಾಗಲಿಲ್ಲ. ಹೆಂಡತಿ ಮುಖ ಸಣ್ಣದಾಯಿತು. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ, ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕೈ ಆಡಿಸಿ, ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ ಮೊಣಕೈಯಿಂದ ನೋಡಿ ಅಂದೆ. ಆಕೆಗೂ ಶುಗರ್ ಇದೆಯಾ ಅಂತ ಕೇಳಿದೆ. ಇತ್ತು. ಕಾಲುಂಗುರ ಬಿಗಿಯಾಗಿ ಚರ್ಮ ಕೆಂಪಾಗಿತ್ತು. ಸಡಿಲದ್ದು ಹಾಕಿಕೊಳ್ಳಲು ಒಪ್ಪಿಸಿದೆ.

ಶುಗರಿನ ಸದ್ದಿನಲ್ಲಿ ಬೇರೆ ಗ್ರಂಥಿಗಳ ಕಾಯಿಲೆಗಳು ಮರೆತೇ ಹೋಗುತ್ತವೆ. ಮಂಡಿನೋವಿಗೆ ಯಾರೋ ಕೊಟ್ಟ ಪುಡಿಯನ್ನು ತಿಂಗಳುಗಟ್ಟಲೆ ತಿಂದು, ಒಂದು ದಿನ ಪಟ್ಟನೆ ಬಿಟ್ಟು, ವಾಂತಿ, ಸುಸ್ತು, ಬಿಪಿ ಇಳಿದು ಬರುವವರಿದ್ದಾರೆ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್, ಅಂದರೆ ಮೈಯೇ ಮಾಡುವ ಒಂದು ಹಾರ್ಮೋನಿನಂಥ ಔಷಧಿ, ಇದ್ದರೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ನಿದ್ದೆ ಹೋಗಿರುತ್ತದೆ. ಹೊರಗಿನದ್ದು ತಟ್ಟನೆ ನಿಂತರೆ ಅದು ಅಷ್ಟು ಬೇಗ ಏಳುವುದಿಲ್ಲ. "ಇಂಗ್ಲಿಷ್ ಔಷಧಿ ಏನೂ ತಗೊಂಡಿಲ್ಲ" ಅನ್ನುತ್ತಾರೆ. ಹಾಗಾಗಿ ನಾವು "ಪುಡಿ, ಲೇಹ್ಯ ಏನಾದ್ರೂ?" ಅಂತ ಬೇರೆಯಾಗಿಯೇ ಕೇಳುತ್ತೇವೆ. ಒಂದು ಪ್ರಶ್ನೆಯಿಂದ ಕಾಯಿಲೆ ಸಿಕ್ಕಿಬಿಡುತ್ತದೆ.

ಥೈರಾಯ್ಡ್ ಆಪರೇಷನ್ ಆದವರದು ಇನ್ನೊಂದು ಬಗೆಯ ಕಾವಲು. ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ರಕ್ತದ ಕ್ಯಾಲ್ಸಿಯಂ ಕಾಯುವುದು ಅವೇ. ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾದರೆ ಒಂದೆರಡು ದಿನದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಬಿಪಿ ಪಟ್ಟಿ ಬಿಗಿದು ಮೂರು ನಿಮಿಷ ಹಾಗೇ ಇಟ್ಟರೆ ಕೈ ತಾನಾಗಿ ಮಡಚಿಕೊಳ್ಳುತ್ತದೆ. ಕೈ ಜೋಮು ಹಿಡಿದಿದೆ ಅಂತ ರೋಗಿ ಹೇಳಿದರೆ ಮಲಗಿದ್ದು ಸರಿಯಿಲ್ಲ ಅಂತ ತಳ್ಳಿಹಾಕುವ ಹಾಗಿಲ್ಲ. ಕೂಡಲೇ ಡಾಕ್ಟರನ್ನು ಕರೆಯುತ್ತೇವೆ.

ಆಪರೇಷನ್ ಆದ ರಾತ್ರಿಯ ಭಯ ಬೇರೆ. ಒಳಗೆ ರಕ್ತ ಸೋರಿ ಕಟ್ಟಿಕೊಂಡರೆ ಉಸಿರಿನ ನಾಳವನ್ನೇ ಅಮುಕುತ್ತದೆ. ಹೊರಗೆ ಸೋರಿದರೂ ಎದುರಿನ ಬ್ಯಾಂಡೇಜ್ ಬೆಳ್ಳಗೇ ಇರಬಹುದು, ಮಲಗಿದವರ ರಕ್ತ ಕತ್ತಿನ ಹಿಂದಕ್ಕೆ ಇಳಿದಿರುತ್ತದೆ. ಹಾಗಾಗಿ ಕುತ್ತಿಗೆ ಕೆಳಗೆ ಕೈ ತೂರಿಸಿ ದಿಂಬು ಒದ್ದೆಯಾಗಿದೆಯಾ ನೋಡಬೇಕು. ಮಾತಾಡಿಸಿ ದನಿ ಕೇಳಬೇಕು, ಗಂಟಲಿನ ದನಿಯ ನರ ಥೈರಾಯ್ಡಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಮೊನ್ನೆ ಅಂಥ ಒಬ್ಬರು ನಮ್ಮಲ್ಲಿದ್ದರು. ರಾತ್ರಿ ಎರಡು ಗಂಟೆಗೆ ನಾಲ್ಕನೇ ಸಲ ಎಬ್ಬಿಸಿ ಹೆಸರು ಕೇಳಿದೆ.

"ಎಷ್ಟು ಸಲ ಹೇಳ್ಬೇಕು ಸಿಸ್ಟರ್ ನಿಮಗೆ? ಸ್ವಲ್ಪ ನಿದ್ದೆ ಮಾಡೋಕೆ ಬಿಡ್ತೀರಾ?" ಅಂತ ರೇಗಿದರು.

ದನಿ ಸ್ಪಷ್ಟವಾಗಿತ್ತು, ಗಟ್ಟಿಯಾಗಿತ್ತು. ಕುತ್ತಿಗೆ ಕೆಳಗೆ ದಿಂಬು ಒಣಗಿತ್ತು. ಪುಸ್ತಕದಲ್ಲಿ ಬರೆದು, ಹೊದಿಕೆ ಸರಿ ಮಾಡಿ, ಪಕ್ಕದ ಹಾಸಿಗೆಗೆ ಹೋದೆ.