ತಿರುಗುವ ಡ್ರಮ್‌ನಲ್ಲಿ ಒಂದು ಪೀಕ್ ಎರಡಾಗುವುದೇಕೆ?

ಪ್ರಶ್ನೆ: ತೆಳು ಗೋಡೆಯ ಉಕ್ಕಿನ ಡ್ರಮ್ ನಿಂತಿದ್ದಾಗ ಸುತ್ತಿಗೆಯಿಂದ ತಟ್ಟಿ ಅಳೆದರೆ 400 ಹರ್ಟ್ಸ್‌ನಲ್ಲಿ ಒಂದೇ ಪೀಕ್ (ಕಂಪನ ಅತಿ ಜೋರಾಗಿರುವ ಫ್ರೀಕ್ವೆನ್ಸಿ) ಕಾಣುತ್ತದೆ. ತಿರುಗಿಸಿದರೆ ಎರಡು. ಬೇರಿಂಗ್ ಕೆಟ್ಟಿದೆಯೇ?

ಉತ್ತರ: ಬೇರಿಂಗ್ ಬಿಚ್ಚುವ ಮೊದಲು ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. ಬೇರಿಂಗ್ ದೋಷದ ಪೀಕ್ ಆದರೆ ಅದರ ಫ್ರೀಕ್ವೆನ್ಸಿಯೇ ಅರ್ಧವಾಗುತ್ತದೆ. ನಡುಬಿಂದು 400ರ ಆಸುಪಾಸಿನಲ್ಲೇ ಉಳಿದು, ಪೀಕ್‌ಗಳ ಅಂತರ ಮಾತ್ರ ಅರ್ಧವಾದರೆ ಅದು ಡ್ರಮ್‌ನ ಸಹಜ ಗುಣ.

ಡ್ರಮ್‌ನಂಥ ದುಂಡನೆಯ ಚಿಪ್ಪಿನಲ್ಲಿ, ಸುತ್ತಳತೆಯುದ್ದಕ್ಕೂ ಅಲೆಯಾಗುವ ಪ್ರತಿ ಮೋಡ್ (ಸಹಜ ಕಂಪನದ ವಿನ್ಯಾಸ) ಕೂಡ ಎದುರುಬದುರಾಗಿ ಓಡುವ ಎರಡು ಅಲೆಗಳ ಜೋಡಿ. ನಿಂತಿರುವಾಗ ಎರಡಕ್ಕೂ ಒಂದೇ ಫ್ರೀಕ್ವೆನ್ಸಿ. ತಿರುಗಿದಾಗ, ಗೋಡೆ ಒಳಹೊರಗೆ ಆಡುವ ಚಲನೆಗೆ ಕೊರಿಯೊಲಿಸ್ ಬಲ (ತಿರುಗುವ ವಸ್ತುವಿನೊಳಗೆ ಚಲಿಸುವುದನ್ನು ಪಕ್ಕಕ್ಕೆ ತಳ್ಳುವ ಬಲ) ಸುತ್ತಿನ ದಿಕ್ಕಿನಲ್ಲಿ ತಾಗುತ್ತದೆ. ತಿರುಗುವ ದಿಕ್ಕಿನಲ್ಲಿ ಓಡುವ ಅಲೆಗೂ ಎದುರು ಓಡುವ ಅಲೆಗೂ ಅದರ ಪರಿಣಾಮ ಬೇರೆ. ಇದನ್ನು ಬ್ರಿಟಿಷ್ ಗಣಿತಜ್ಞ ಜಿ.ಎಚ್. ಬ್ರಯಾನ್ 1890ರಲ್ಲೇ ವಿವರಿಸಿದ್ದರು. ಶನಿಗ್ರಹಕ್ಕೆ ಹೋದ ಕ್ಯಾಸಿನಿ ನೌಕೆಯ ಅರ್ಧಗೋಳ ಗೈರೊಸ್ಕೋಪ್ ದಿಕ್ಕು ಅಳೆದದ್ದೂ ಇದೇ ತತ್ವದಿಂದ.

ಸೆನ್ಸರ್ ಎಲ್ಲಿದೆ ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಸುತ್ತಳತೆಯಲ್ಲಿ n ಪೂರ್ಣ ಅಲೆಗಳಿದ್ದರೆ, ಡ್ರಮ್‌ಗೇ ಅಂಟಿಸಿದ ಸೆನ್ಸರ್‌ನಲ್ಲಿ ಪೀಕ್‌ಗಳು ನಡುಬಿಂದುವಿನಿಂದ ತಲಾ 2n/(n²+1) ಪಟ್ಟು ತಿರುಗುವೇಗದಷ್ಟು ಸರಿಯುತ್ತವೆ. ಇದು ತೆಳು ಉಂಗುರದ ಸೂತ್ರ. ಉದ್ದದ ಡ್ರಮ್‌ಗೂ ಮೊದಲ ಅಂದಾಜಿಗೆ ಸಾಕು. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. n = 2 ಆದರೆ 0.8 × 50 = 40, ಹಾಗಾಗಿ 360 ಮತ್ತು 440 ಹರ್ಟ್ಸ್. ಅದೇ ಡ್ರಮ್ಮನ್ನು ನೆಲದ ಮೇಲೆ ಕೂರಿಸಿದ ಲೇಸರ್‌ನಿಂದ ನೋಡಿದರೆ, ಡ್ರಮ್‌ನ ಸುತ್ತೂ ಅಲೆಗಳನ್ನು ಹೊತ್ತೊಯ್ಯುವುದರಿಂದ ಗುಣಕ 2 − 0.8 = 1.2 ಆಗಿ 340 ಮತ್ತು 460 ಬರುತ್ತವೆ. ಎರಡು ಅಳತೆಗಳೂ ಸರಿಯೇ. ಕೇಂದ್ರಾಪಗಾಮಿ ಬಲದ ಬಿಗಿತದಿಂದ ನಡುಬಿಂದು ಸುಮಾರು 4 ಹರ್ಟ್ಸ್ ಮೇಲಕ್ಕೂ ಏರುತ್ತದೆ. ಆ ಏರಿಕೆ ವೇಗದ ವರ್ಗಕ್ಕೆ ಅನುಪಾತ.

n ಎಷ್ಟೆಂದು ಊಹಿಸಬೇಡಿ. ಡ್ರಮ್ ನಿಲ್ಲಿಸಿ, ಸುತ್ತಳತೆಯಲ್ಲಿ ಸಮ ಅಂತರದ 16 ಗುರುತು ಹಾಕಿ, ಒಂದೊಂದನ್ನೂ ತಟ್ಟಿ ಫೇಸ್ (ಆ ಜಾಗ ಒಳಗೆ ಆಡುತ್ತದೋ ಹೊರಗೋ ಎಂಬುದು) ನೋಡಿ. n = 7ರವರೆಗೆ ಗೊಂದಲವಿಲ್ಲ.

ನಿಂತಾಗಲೇ ಎರಡು ಪೀಕ್ ಇದ್ದರೆ ವೆಲ್ಡ್ ಸೀಮ್, ಗೋಡೆದಪ್ಪದ ವ್ಯತ್ಯಾಸ ಅಥವಾ ಸೆನ್ಸರ್‌ನ ತೂಕ ಕಾರಣ. ಇದು ಕೊರಿಯೊಲಿಸ್ ಅಂತರಕ್ಕೆ ನೇರವಾಗಿ ಕೂಡಿಕೊಳ್ಳದು. ಎರಡರ ವರ್ಗಗಳು ಕೂಡುತ್ತವೆ, ಆ ಮೊತ್ತದ ವರ್ಗಮೂಲವೇ ಕಾಣುವ ಅಂತರ. 300 ಆರ್‌ಪಿಎಂನಲ್ಲಿ ಕೊರಿಯೊಲಿಸ್ ಅಂತರ 8 ಹರ್ಟ್ಸ್, ನಿಂತಾಗಿನದು 6 ಆದರೆ ಕಾಣುವುದು 10. ಆದ್ದರಿಂದ ಕಡಿಮೆ ವೇಗದಲ್ಲಿ ಸೂತ್ರ ತಪ್ಪಿದಂತೆ ತೋರಿದರೆ, ಮೊದಲು ಹಗುರವಾದ ಸೆನ್ಸರ್ ಹಾಕಿ ನಿಂತಾಗಿನ ಅಳತೆಯನ್ನು ಮತ್ತೆ ಮಾಡಿ.